ಹೊಗೆಸೊಪ್ಪಿನ ಕಡ್ಡಿಯ ಬೆಂಚು

ಮುಂಬಯಿ
12 ಜೂನ್ 1999

ಪ್ರೇಮಾ,

ನಿನ್ನ ಮದುವೆಯಾಗಿ ಎಂಟು ವರ್ಷವಾಯಿತು. ನಾನು ಬರೆದ ಪತ್ರ ಎಂಟೂ ಆಗಿರಲಿಕ್ಕಿಲ್ಲ. ಅದಕ್ಕೆ ಬೈಯುವುದಿದ್ದರೆ ಈಗಲೇ ಬೈದುಬಿಡು, ಯಾಕೆಂದರೆ ಈ ಸಲ ನಿನ್ನಿಂದ ನನಗೊಂದು ಕೆಲಸ ಆಗಬೇಕಾಗಿದೆ. ಹಾಸನದ ಹಾಸ್ಟೆಲಿನಲ್ಲಿ ನಿನ್ನ ಪಕ್ಕದ ಮಂಚದಲ್ಲಿ ಮಲಗಿ ನಿನ್ನ ಡಬ್ಬಿಯ ಕೊಬ್ಬರಿ ಮಿಠಾಯಿ ಖಾಲಿ ಮಾಡಿದವಳು ನಾನು. ಕೆಲಸವಿಲ್ಲದೆ ಬರೆಯುವಷ್ಟು ಒಳ್ಳೆಯವಳಲ್ಲ ಅಂತ ನಿನಗೆ ಗೊತ್ತೇ ಇದೆ.

ಜನವರಿಯಲ್ಲಿ ನಿಮ್ಮಲ್ಲಿಗೆ ಬಂದಾಗ ಹಳೆಯ ಬ್ಯಾರನ್ ಕೆಡವುತ್ತಿದ್ದರಲ್ಲ, ಹೊಗೆಸೊಪ್ಪು ಬೇಯಿಸುತ್ತಿದ್ದ ಆ ಮಣ್ಣಿನ ಗೂಡು? ಅದರೊಳಗೆ ಅಡ್ಡಲಾಗಿ ಹಾಕಿದ್ದ ಗಳಗಳು ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. ವರ್ಷ ವರ್ಷವೂ ಕಾವು ತಿಂದು, ಸೊಪ್ಪಿನ ಅಂಟು ಕುಡಿದು, ಗಟ್ಟಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದವು. ಯಾವ ಅಂಗಡಿಯ ಪಾಲಿಶ್ ಹಾಕಿದರೂ ಆ ಬಣ್ಣ ಬರುವುದಿಲ್ಲ. ಅವನ್ನು ಸೌದೆಗೆ ಹಾಕಿಲ್ಲ ತಾನೇ?

ವಿಷಯ ಏನೆಂದರೆ, ಆಫೀಸು ಮೇಜು ಮಾಡುವ ಕಂಪನಿಯ ಕೆಲಸ ಬಿಟ್ಟೆ. ಇಲ್ಲಿ ಈಗ ಹೊಸ ಗೀಳು ಶುರುವಾಗಿದೆ. ಕುರ್ಚಿ, ಬೆಂಚುಗಳನ್ನು ಶಿಲ್ಪ ಕೊಂಡ ಹಾಗೆ ಕೊಂಡು ಮನೆಯಲ್ಲಿಡುತ್ತಾರೆ. ಅಂಥದ್ದು ಇನ್ನೊಂದು ಎಲ್ಲೂ ಇರಬಾರದು. ಮರ ಎಲ್ಲಿಯದು, ಕೈ ಯಾರದು, ಎಲ್ಲ ವಿಚಾರಿಸುತ್ತಾರೆ. ನವೆಂಬರಿನಲ್ಲಿ ಒಂದು ಗ್ಯಾಲರಿಯಲ್ಲಿ ಆರು ಜನ ವಿನ್ಯಾಸಕರ ಪ್ರದರ್ಶನವಿದೆ. ಆರನೆಯವಳು ನಾನು, ಅದೂ ಯಾರೋ ಬರುವುದಿಲ್ಲ ಅಂದದ್ದಕ್ಕೆ. ನನಗೆ ಒಂದೇ ಬೆಂಚಿನ ಜಾಗ. ಅದು ಎದ್ದು ನಿಂತರೆ ನಾನೂ ನಿಂತೆ. ಇಲ್ಲದಿದ್ದರೆ ಮತ್ತೆ ಆಫೀಸು ಮೇಜು. ಹೊಳೆನರಸೀಪುರದಲ್ಲಿ ಅಮ್ಮ, "ಇಷ್ಟು ವರ್ಷ ಓದಿದ್ದು ಬೆಂಚು ಮಾಡೋಕಾ?" ಅಂತ ಆಗಲೇ ಕೇಳಿಯಾಗಿದೆ.

ಗಳಗಳನ್ನು ಕೊಡುತ್ತೀಯಾ? ಸೊಪ್ಪು ಕಟ್ಟುವ ತೆಳು ಕಡ್ಡಿಗಳನ್ನೂ?

ನಿನ್ನ
ಹಂಸ


ಅರಕಲಗೂಡು
25 ಜೂನ್ 1999

ಹಂಸ,

ಬೈದೆ. ಎರಡು ಹಾಳೆ ಬೈದು, ಹರಿದು ಹಾಕಿ, ಈಗ ಬರೆಯುತ್ತಿದ್ದೇನೆ.

ಗಳಗಳು ಇವೆ. ಅವು ಕೋಳಿಗೂಡು ಆಗುವುದರಲ್ಲಿದ್ದವು. ನಿನ್ನ ಪತ್ರವನ್ನು ಊಟಕ್ಕೆ ಕೂತಾಗ ಓದಿದೆ. ಅತ್ತೆ ಜಯಲಕ್ಷ್ಮಮ್ಮನವರು ತುತ್ತು ಕೈಯಲ್ಲೇ ಹಿಡಿದು, "ಒಗೆಸೊಪ್ಪಿನ ಗಳ ತಕ್ಕೊಂಡೋಗಿ ನಡುಮನೇಲಿ ಮಡಿಕತಾರಂತಾ? ಘಾಟ್ಗೆ ಮನೆಮಂದಿಯೆಲ್ಲ ಸೀನ್ಕಂಡು ಕೂತಿರ್ಬೇಕಾಯ್ತದೆ" ಅಂದರು. ನಮ್ಮವರು, "ಮೊದ್ಲೇ ಯೋಳಿದ್ರೆ ಬ್ಯಾರನ್ನೇ ಎತ್ತಿ ಕಳಿಸ್ತಿದ್ನಲ್ಲ ಕಣೆ" ಅಂತ ನಕ್ಕರು. ಮೋಹನ್‌ಕುಮಾರ್ ಅಂದರೆ ಹಾಗೆಯೇ, ಒಪ್ಪಿಕೊಂಡದ್ದನ್ನು ಗೇಲಿ ಮಾಡಿಯೇ ತಿಳಿಸುವುದು.

ಬಡಗಿ ಕೆಂಪಣ್ಣನನ್ನು ಕರೆಸಿ ಮಾತಾಡಿದೆ. ಬಾಗಿಲು, ಮಂಚ, ಗಾಡಿ, ಏನು ಹೇಳಿದರೂ ಮಾಡುತ್ತಾನೆ. ಆದರೆ ಹೇಳದ್ದನ್ನೂ ಮಾಡುತ್ತಾನೆ.

ಈಗ ನನ್ನ ಮಾತು. ಈ ಬೆಂಚಿನಲ್ಲಿ ನನಗೂ ಒಂದು ಕೆಲಸ ಕೊಡು. ಬಿ.ಎ. ಮುಗಿಸಿ ಇಲ್ಲಿಗೆ ಬಂದ ಮೇಲೆ ನನ್ನ ಕೈಯಿಂದ ಆದ ಯಾವುದನ್ನೂ ಅರಕಲಗೂಡಿನ ಆಚೆ ಯಾರೂ ನೋಡಿಲ್ಲ. ಹಪ್ಪಳ ನೋಡಿದ್ದಾರೆ, ಅದೂ ನೆಂಟರು. ನನ್ನ ಕೈಕೆಲಸ ಮುಂಬಯಿಯವರೆಗೆ ಹೋಗಲಿ ಅಂತ ಆಸೆಯಾಗಿದೆ. ನಾಚಿಕೆ ಬಿಟ್ಟು ಕೇಳುತ್ತಿದ್ದೇನೆ.

ಪ್ರೇಮಕುಮಾರಿ


ಮುಂಬಯಿ
8 ಜುಲೈ 1999

ಪ್ರೇಮಾ,

ನೀನು ನನ್ನ ಪಾಲಿನ ದೇವತೆ! ಚಿತ್ರ ಕಳಿಸಿದ್ದೇನೆ. ನಾಲ್ಕು ದಪ್ಪ ಗಳದ ಕಾಲು, ಎರಡು ಉದ್ದ ಗಳದ ಪಕ್ಕೆ. ಅವುಗಳ ನಡುವೆ ಆಸನ, ಸೊಪ್ಪಿನ ಕಡ್ಡಿಗಳನ್ನು ಒತ್ತೊತ್ತಾಗಿ ಇಟ್ಟು ಸೆಣಬಿನ ದಾರದಲ್ಲಿ ಕಟ್ಟಿದ್ದು. ಆಸನ ತುಸು ತಗ್ಗಾಗಿ ಬಾಗಿರಬೇಕು, ತೊಟ್ಟಿಲಿನ ಹಾಗೆ. ಬಣ್ಣ ಬೇಡ, ವಾರ್ನಿಶ್ ಬೇಡ.

ಚನ್ನರಾಯಪಟ್ಟಣದ ಸಣ್ಣಯ್ಯನವರನ್ನು ಹುಡುಕು, ಬಸ್‌ಸ್ಟ್ಯಾಂಡಿನ ಹತ್ತಿರ ಮಂಚ ಹೆಣೆಯುವವರು. ನಮ್ಮ ಮನೆಯ ಮಂಚ ಅವರದೇ, ಇವತ್ತಿಗೂ ಒಂದು ಎಳೆ ಸಡಿಲಿಲ್ಲ. ಆಸನ ಕಟ್ಟಲು ಅವರೇ ಆಗಬೇಕು. ಬೇರೆ ಯಾರಿಗೂ ಕೊಡಬೇಡ.

ನೀನು ಕೆಲಸ ಕೇಳಿದೆಯಲ್ಲ, ಎಲ್ಲರಿಗಿಂತ ದೊಡ್ಡದು ನಿನ್ನದೇ. ಮೇಲ್ವಿಚಾರಣೆ! ನೀನಿಲ್ಲದೆ ಇದು ಆಗುವುದೇ ಇಲ್ಲ.

ಹಂಸ


ಅರಕಲಗೂಡು
9 ಆಗಸ್ಟ್ 1999

ಮೇಲ್ವಿಚಾರಕಿಯ ವರದಿ:

ಚೌಕಟ್ಟು ಮುಗಿಯಿತು. ಕೆಂಪಣ್ಣ ಎರಡು ಕಾಲಿನ ಮೇಲೆ ನವಿಲು ಕೆತ್ತಲು ಗೆರೆ ಹಾಕಿಟ್ಟಿದ್ದ. ಬೇಡ ಅಂದೆ. "ನವಿಲಿಲ್ದೇ ಬೆಂಚಾ? ನೋಡ್ದೋರು ಕೆಂಪಣ್ಣಂಗೆ ಕೈ ಬಿದ್ದೋಗದೆ ಅನ್ನಲ್ವಾ ಕಣಮ್ಮ?" ಅಂತ ಉಳಿ ಕೆಳಗಿಟ್ಟು ಕೂತುಬಿಟ್ಟ. ಮುಂಬಯಿಯವರಿಗೆ ನವಿಲು ಆಗಿಬರುವುದಿಲ್ಲ ಅಂತ ಒಂದು ಸುಳ್ಳು ಹೇಳಿದೆ. ಪಾಪ, ಅವರ ಮೇಲೆ ಮರುಕಪಟ್ಟು ಮುಂದಿನ ಕೆಲಸ ಹಿಡಿದ. ನವಿಲನ್ನು ನಮ್ಮ ಕೊಟ್ಟಿಗೆ ಬಾಗಿಲಿಗೆ ಕೆತ್ತಿಸಿಕೊಳ್ಳಬೇಕಾಯಿತು. ಎಮ್ಮೆಗಳಿಗೆ ಅಭ್ಯಂತರವಿಲ್ಲ.

ಸಣ್ಣಯ್ಯನವರು ಬಂದರು. ನಮ್ಮ ಮನೆಯಲ್ಲಿ ಕೋಳಿಸಾರು ಉಂಡರು, ಮಲಗಿ ಎದ್ದರು, ಮಾರನೇ ದಿನವೂ ಉಂಡರು. ಆಮೇಲೆ ಚೌಕಟ್ಟಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ನಿನ್ನ ಚಿತ್ರ ನೋಡಿ, "ಮಂಚ ಅಂದ್ರೆ ಮಟ್ಟಸವಾಗಿರ್ಬೇಕು ಕಣವ್ವ. ಇದೇನು ಹೊಟ್ಟೆ ತಗ್ಗಿದ ದನ ಇದ್ದಂಗದೆ. ಕಡ್ಡಿಗಿಡ್ಡಿ ಕಟ್ಟದು ನನ್ ಕಸುಬಲ್ಲ" ಅಂತ ಸಂಜೆ ಬಸ್ಸಿಗೆ ಹೊರಟೇ ಹೋದರು.

ಗಾಬರಿಯಾಗಬೇಡ. ಕೆಲಸ ನಿಂತಿಲ್ಲ. ಬೇರೆ ಕೈ ಸಿಕ್ಕಿದೆ, ಸಣ್ಣಯ್ಯನವರದಕ್ಕಿಂತ ಚುರುಕು ಕೈ. ಯಾರದು ಅಂತ ನೀನು ಕೇಳಿದರೆ ಹೇಳುತ್ತೇನೆ. ಸೊಪ್ಪು ಕಟ್ಟುವ ಕಾಲ ಬಂದಿದೆಯಲ್ಲ, ಹಗಲೆಲ್ಲ ಹೆಂಗಸರು ನಮ್ಮ ಚಪ್ಪರದ ಕೆಳಗೆ ಕೂತು ಹಸಿ ಎಲೆ ಕಟ್ಟುತ್ತಿರುತ್ತಾರೆ. ಅವರ ಪಕ್ಕದಲ್ಲೇ ನಿನ್ನ ಬೆಂಚು ನಿಂತಿದೆ. ಬಿಡುವಾದಾಗೆಲ್ಲ ಒಂದೊಂದು ಸಾಲು ಏರುತ್ತಿದೆ. ಬೆರಳು ಕಪ್ಪಾಗಿ, ಅಂಟು ತೊಳೆದರೂ ಹೋಗುವುದಿಲ್ಲ. ಅನ್ನ ಕಲಸಿದರೆ ಕಹಿ. ಆದರೂ ಇಷ್ಟು ಖುಷಿಯಾಗಿ ನಾನು ಯಾವ ಕೆಲಸವನ್ನೂ ನೋಡಿಲ್ಲ ಕಣೇ.

ಪ್ರೇಮಾ


ಮುಂಬಯಿ
21 ಸೆಪ್ಟೆಂಬರ್ 1999

ಪ್ರೇಮಾ, ಪ್ರೇಮಾ, ಪ್ರೇಮಾ!

ಬೆಂಚು ಬಂತು. ಗೋಣಿ ಬಿಚ್ಚಿದ ಕೂಡಲೇ ಕೋಣೆ ತುಂಬ ನಿಮ್ಮ ಬ್ಯಾರನ್ನಿನ ವಾಸನೆ. ಕೆಳಗಿನ ಮನೆಯವರು ಬೀಡಿ ಸೇದುತ್ತಿದ್ದೀರಾ ಅಂತ ಬಂದು ಕೇಳಿದರು.

ಆಸನದ ಬಗ್ಗೆ ಏನು ಹೇಳಲಿ? ಕುಣಿಕೆಯೊಳಗೆ ಕುಣಿಕೆ, ಅದರೊಳಗೆ ಇನ್ನೊಂದು, ಒಂದೂ ದಪ್ಪ ಗಂಟಿಲ್ಲ. ಜಡೆ ಹೆಣೆದ ಹಾಗೆ ಈ ಕೊನೆಯಿಂದ ಆ ಕೊನೆಗೆ ಹರಿದುಹೋಗಿದೆ. ಸಣ್ಣಯ್ಯನವರು ಕಡೆಗೂ ಒಪ್ಪಿಕೊಂಡರಲ್ಲ! ಕೋಳಿಸಾರಿನ ಮಹಿಮೆಯೇ ಇರಬೇಕು. ಅವರ ಕೈಗೆ ಬಂಗಾರದ ಕಡಗ ತೊಡಿಸಬೇಕು. ಪ್ರದರ್ಶನದ ಕಾರ್ಡಿನಲ್ಲಿ ಅವರ ಹೆಸರು ಹಾಕಿಸುತ್ತಿದ್ದೇನೆ. ವಿಳಾಸ ಬರೆದು ಕಳಿಸು, ಅವರಿಗೂ ಒಂದು ಕಾರ್ಡು ಹೋಗಲಿ.

ಕೊನೆಯಲ್ಲಿ ದಾರದ ತುದಿಯನ್ನು ಬಾಲದ ಹಾಗೆ ಇಳಿಬಿಟ್ಟಿದ್ದಾರಲ್ಲ, ಅದೂ ಚೆನ್ನಾಗಿದೆ. ಅದಕ್ಕೊಂದು ಹಿತ್ತಾಳೆಯ ಗೆಜ್ಜೆ ಕಟ್ಟಿದೆ. ಈಗ ನೋಡಬೇಕು ಅದರ ಕಳೆ!

ಹಂಸ


ಅರಕಲಗೂಡು
4 ಅಕ್ಟೋಬರ್ 1999

ಹಂಸ,

ಬೆಂಚು ತಲುಪಿದ್ದು ಸಂತೋಷ. ನೀನು ಕೇಳಿದ ವಿಳಾಸ: ಸಣ್ಣಯ್ಯ, ಬಸ್‌ಸ್ಟ್ಯಾಂಡ್ ಹಿಂಭಾಗ, ಚನ್ನರಾಯಪಟ್ಟಣ. ಕಡಗದ ಅಳತೆ ಗೊತ್ತಿಲ್ಲ.

ಆಗಸ್ಟಿನ ಪತ್ರವನ್ನು ನೀನು ಪೂರ್ತಿ ಓದಿದೆಯೋ, ಕೋಳಿಸಾರಿನವರೆಗೆ ಓದಿ ನಕ್ಕು ಮಡಿಚಿಟ್ಟೆಯೋ?

ಬಾಲಕ್ಕೆ ಗೆಜ್ಜೆ ಕಟ್ಟಿದೆ ಅಂದೆಯಲ್ಲ. ಅದನ್ನು ಯಾರೂ ಎಳೆಯದ ಹಾಗೆ ನೋಡಿಕೋ. ಯಾಕೆ ಅಂತ ನಿನ್ನ ಸಣ್ಣಯ್ಯನವರನ್ನೇ ಕೇಳು.

ಪ್ರೇಮಕುಮಾರಿ


ಮುಂಬಯಿ
28 ಅಕ್ಟೋಬರ್ 1999

ಪ್ರೇಮಾ,

ಓಡಾಟದಲ್ಲಿ ಉಸಿರಾಡಲು ಪುರಸೊತ್ತಿಲ್ಲ. ಕಾರ್ಡು ಲಗತ್ತಿಸಿದ್ದೇನೆ. ನವೆಂಬರ್ ಹದಿಮೂರಕ್ಕೆ ಉದ್ಘಾಟನೆ. ನಿನ್ನ ಪತ್ರ ಯಾಕೋ ಸಪ್ಪೆಯಾಗಿತ್ತು, ಸೊಪ್ಪಿನ ಕೆಲಸದ ಸುಸ್ತಿರಬೇಕು. ವಿಶ್ರಾಂತಿ ತಗೋ.

ಹಂಸ


ಅರಕಲಗೂಡು
11 ನವೆಂಬರ್ 1999

ಹಂಸ,

ಮೊನ್ನೆ ಮದುವೆಗೆಂದು ಚನ್ನರಾಯಪಟ್ಟಣಕ್ಕೆ ಹೋಗಿದ್ದೆ. ಸಣ್ಣಯ್ಯನವರ ಅಂಗಡಿಗೆ ಇಣುಕಿದೆ. ನಿನ್ನ ಕಾರ್ಡಿಗೆ ಗಾಜು ಹಾಕಿಸಿ, ಹೂವು ಮುಡಿಸಿ, ಲಕ್ಷ್ಮಿ ಪಟದ ಪಕ್ಕದಲ್ಲಿ ತೂಗುಹಾಕಿದ್ದಾರೆ. 'ವಿನ್ಯಾಸ: ಹಂಸ. ಆಸನ: ಸಣ್ಣಯ್ಯ.' ಬಂದವರಿಗೆಲ್ಲ ಓದಿಸುತ್ತಿದ್ದಾರೆ. ನನ್ನನ್ನು ನೋಡಿದ ಕೂಡಲೇ ಮುಖ ಆ ಕಡೆ ತಿರುಗಿಸಿ, "ಏ, ಅವ್ವಾರಿಗೆ ಟೀ ತಾರ್ಲಾ" ಅಂತ ಕೂಗಿದರು. ಟೀ ಕುಡಿದೆ. ಅವರ ಮುಖದ ಆ ಬೆಳಕು ನೋಡಿದ ಮೇಲೆ ನಿಜ ಹೇಳಲು ಬಾಯಿ ಬರಲಿಲ್ಲ.

ಬಸ್ಸು ಹತ್ತಿ ಒಬ್ಬಳೇ ನಗುತ್ತಿದ್ದೆ. ಶಾಂತಿಗ್ರಾಮ ಬರುವ ಹೊತ್ತಿಗೆ ನಗು ನಿಂತಿತ್ತು. ಹೊಟ್ಟೆ ಉರಿಯಿತು ಕಣೇ. ಮರ ಎಲ್ಲಿಯದು, ಕೈ ಯಾರದು, ಎಲ್ಲ ವಿಚಾರಿಸುತ್ತಾರೆ ಅಂತ ನೀನೇ ಬರೆದಿದ್ದೆ. ಮುಂಬಯಿಯವರು ವಿಚಾರಿಸುತ್ತಾರೇನೋ. ನೀನು ವಿಚಾರಿಸಲಿಲ್ಲ.

ಪ್ರದರ್ಶನ ಚೆನ್ನಾಗಿ ಆಗಲಿ. ಮನಸ್ಸಿನಿಂದಲೇ ಹೇಳುತ್ತಿದ್ದೇನೆ.

ಪ್ರೇಮಕುಮಾರಿ


ಮುಂಬಯಿ
16 ನವೆಂಬರ್ 1999

ಪ್ರೇಮಾ,

ಮುಳುಗಿಹೋದೆ. ಮೊದಲ ದಿನ ಎಲ್ಲ ಸರಿಯಾಗಿತ್ತು. ಎರಡನೆಯ ದಿನ ಒಬ್ಬ ಪಾರ್ಸಿ ಅಜ್ಜಿ ಬಂದರು. ಬಿಳಿ ಕೂದಲು, ಊರುಗೋಲು, ಸಣ್ಣ ಮಕ್ಕಳ ಕಣ್ಣು. ಬೆಂಚನ್ನು ಮುಟ್ಟಿ ನೋಡಿದರು, ಮೂಸಿ ನೋಡಿದರು, ಆಮೇಲೆ ದೇವಸ್ಥಾನದ ಗಂಟೆ ಎಳೆದ ಹಾಗೆ ಗೆಜ್ಜೆ ಹಿಡಿದು ಎಳೆದರು. ಸರ್ರಂತ ಒಂದು ಸದ್ದು. ಕುಣಿಕೆಗಳೆಲ್ಲ ಒಂದರ ಹಿಂದೊಂದು ಬಿಚ್ಚಿಕೊಂಡು ಹೋದವು. ಕಡ್ಡಿಗಳು ಗಲಗಲ ನೆಲದ ಮೇಲೆ! ಅಜ್ಜಿಯ ಕೈಯಲ್ಲಿ ಇಡೀ ದಾರ, ತುದಿಯಲ್ಲಿ ನನ್ನ ಗೆಜ್ಜೆ.

ಆಮೇಲೆ ಜನ ಚಪ್ಪಾಳೆ ತಟ್ಟಿದರು! ಅದೂ ಪ್ರದರ್ಶನದ ಭಾಗ ಅಂದುಕೊಂಡರು. ಗ್ಯಾಲರಿಯ ಯಜಮಾನಿ ನನ್ನ ಕಿವಿಯಲ್ಲಿ, "ಅದ್ಭುತ, ನಾಳೆಯೂ ಮಾಡಿ" ಅಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸಣ್ಣಯ್ಯನವರ ಅಂಗಡಿಯ ಪಕ್ಕದ ಬೂತಿಗೆ ಫೋನ್ ಮಾಡಿಸಿ ಕೂಗಾಡಿದೆ. ಅವರು ತಣ್ಣಗೆ, "ಅಯ್ಯೋ ಬುಡಿ ಮೇಡಂ, ಅದು ನಾನ್ ಕಟ್ಟಿದ್ದಲ್ಲ" ಅಂದರು. ಮತ್ತೆ ಹೆಸರು ಹಾಕಿದಾಗ ಯಾಕೆ ಸುಮ್ಮನಿದ್ದಿರಿ ಅಂದೆ. "ನೀವಾಗೇ ಆಕಿದ್ರಿ, ನಾನೇನ್ ಕೇಳಿದ್ನಾ? ಬಾಗ್ಲಿಗ್ ಬಂದ ಮರ್ವಾದೇನ ಬ್ಯಾಡ ಅನ್ನಕಾಯ್ತದಾ?"

ನಿನ್ನ ಆಗಸ್ಟಿನ ಪತ್ರ ಹುಡುಕಿ ತೆಗೆದು ಓದಿದೆ. ಈ ಸಲ ಪೂರ್ತಿ. ಈಗ ಕೇಳುತ್ತಿದ್ದೇನೆ, ತಡವಾಗಿದ್ದರೂ ಹೇಳು. ಆ ಆಸನ ಕಟ್ಟಿದ್ದು ಯಾರು?

ಹಂಸ


ಅರಕಲಗೂಡು
24 ನವೆಂಬರ್ 1999

ಹಂಸ,

ನಾನು.

ನಾನು ಕಣೇ, ಇನ್ಯಾರು? ಕಲಿಸಿದ್ದು ಮುದ್ದಮ್ಮ. ನಮ್ಮಲ್ಲಿ ಸೊಪ್ಪು ಕಟ್ಟುವ ಹೆಂಗಸರಿಗೆಲ್ಲ ಹಿರಿಯಳು. ಸಣ್ಣಯ್ಯನವರು ಹೋದ ಮೇಲೆ ನಾನು ಚೌಕಟ್ಟಿನ ಮುಂದೆ ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಅವಳು ಎಲೆ ಕಟ್ಟುತ್ತಲೇ, "ಅದ್ಯಾಕಂಗ್ ಕೂತಿದ್ದೀಯವ್ವ? ಸೊಪ್ಪಿನ್ ಬದ್ಲು ಕಡ್ಡಿ, ಅಷ್ಟೇ ತಾನೇ?" ಅಂದಳು.

ಈ ಕಟ್ಟಿನ ಗುಣವೇ ಅದು. ಹಸಿ ಎಲೆ ಕಡ್ಡಿಗೆ ಕಟ್ಟುವಾಗ ಎಷ್ಟು ಭಾರ ಬಿದ್ದರೂ ಜಗ್ಗಬಾರದು. ಬೆಂದು ಇಳಿದ ಮೇಲೆ ಒಂದು ಸಲ ಎಳೆದರೆ ಎಲೆಯೆಲ್ಲ ಒಟ್ಟಿಗೆ ಉದುರಬೇಕು. ಒಣಗಿದ ಸೊಪ್ಪಿನಲ್ಲಿ ಗಂಟು ಬಿಚ್ಚುತ್ತಾ ಕೂತರೆ ಎಲೆ ಪುಡಿಯಾಗುತ್ತದೆ. ಬಿಚ್ಚಲು ಬಾರದ ಗಂಟು ಹಾಕಿದವರಿಗೆ ಮುದ್ದಮ್ಮ ಬೆನ್ನಿಗೆ ಗುದ್ದುತ್ತಾಳೆ. ನನಗೂ ಗುದ್ದು ಬಿದ್ದಿದೆ. ನಮ್ಮ ಬೆರಳಿಗೆ ಗೊತ್ತಿದ್ದದ್ದು ಆ ಕಟ್ಟು, ಅದನ್ನೇ ಕಟ್ಟಿದೆವು. ಮುಂಬಯಿಯಲ್ಲಿ ಅದರ ಬಾಲಕ್ಕೆ ಗೆಜ್ಜೆ ಕಟ್ಟಿ ಜನರನ್ನು ಕರೆಯುತ್ತಾರೆ ಅಂತ ನಮಗೇನು ಗೊತ್ತು?

ನಿನ್ನ ಪತ್ರ ಓದಿ ಮನೆಯೆಲ್ಲ ನಕ್ಕಿತು. ಅತ್ತೆಯಂತೂ, "ಚಪ್ಪಾಳೆ ಒಡುದ್ರಂತಾ? ದಿನಾ ನಮ್ಮ ಬ್ಯಾರನ್ ಮುಂದೆ ಬಂದು ಒಡೀಲಿ" ಅಂತ ಕಣ್ಣೊರೆಸಿಕೊಂಡರು. ನಾನೂ ನಕ್ಕೆ. ಆದರೆ ಸಿಟ್ಟು ಪೂರ್ತಿ ಹೋಗಿಲ್ಲ. ಕೆಲಸ ಕೊಡು ಅಂತ ಬಾಯಿಬಿಟ್ಟು ಕೇಳಿದವಳಿಗೆ ನೀನು ಮೇಲ್ವಿಚಾರಣೆ ಕೊಟ್ಟೆ.

ಕಟ್ಟುವ ಕ್ರಮವನ್ನು ಈ ಹಾಳೆಯ ಹಿಂಬದಿಯಲ್ಲಿ ಬರೆದಿದ್ದೇನೆ. ಪ್ರಯತ್ನ ಮಾಡು, ಆಗುವುದಿಲ್ಲ.

ಪ್ರೇಮಾ


ಮುಂಬಯಿ
2 ಡಿಸೆಂಬರ್ 1999

ಪ್ರೇಮಾ,

ಆಗಲಿಲ್ಲ. ಮೊದಲ ಸಲ ಕಾಗೆಗೂಡಾಯಿತು. ಎರಡನೆಯ ಸಲ ನನ್ನ ಹೆಬ್ಬೆರಳೂ ಒಳಗೆ ಸೇರಿಕೊಂಡಿತು. ಗ್ಯಾಲರಿಯ ಕಾವಲುಗಾರ ಬಂದು ಬಿಡಿಸಿದ.

ತಪ್ಪಾಯಿತು. ನಿನ್ನ ಪತ್ರ ಓದದೆ ಹೋದದ್ದಲ್ಲ ದೊಡ್ಡ ತಪ್ಪು. ಓದಿದ್ದರೂ ನನಗೆ ನಿನ್ನ ಹೆಸರು ಹೊಳೆಯುತ್ತಿರಲಿಲ್ಲ, ಅದು. ಸಣ್ಣಯ್ಯ ಅಂದರೆ ಕಸುಬುದಾರ, ಪ್ರೇಮಾ ಅಂದರೆ ಗೆಳತಿ, ಹೀಗೆ ನನ್ನ ತಲೆಯಲ್ಲಿ ಎರಡು ಗೂಡು ಇದ್ದವು. ಯೋಚಿಸಿದರೆ ನನಗೇ ನಾಚಿಕೆಯಾಗುತ್ತದೆ.

ಅರಸೀಕೆರೆಯಿಂದ ರೈಲಿನ ಟಿಕೆಟ್ ಇದರೊಳಗಿದೆ, ನಿನಗೂ ಮೋಹನ್‌ಕುಮಾರ್ ಅವರಿಗೂ. ಬಾ. ಹಳೆಯ ಕಾರ್ಡುಗಳನ್ನೆಲ್ಲ ತೆಗೆಸಿದ್ದೇನೆ. ಹೊಸದನ್ನು ನೀನೇ ಬಂದು ನೋಡು.

ಹಂಸ


ಅರಕಲಗೂಡು
23 ಡಿಸೆಂಬರ್ 1999

ಹಂಸ,

ಮನೆ ಸೇರಿದೆವು. ಇವರು ಬಂದವರಿಗೆಲ್ಲ ಸಮುದ್ರದ ಕಥೆ ಹೇಳುತ್ತಿದ್ದಾರೆ, ನನ್ನ ಕಥೆ ಅತ್ತೆ ಹೇಳುತ್ತಿದ್ದಾರೆ. ನೋಡದಿದ್ದರೂ ನನಗಿಂತ ಚೆನ್ನಾಗಿ ಹೇಳುತ್ತಾರೆ. ಅವರ ಕಥೆಯಲ್ಲಿ ಗ್ಯಾಲರಿಗೆ ಸಾವಿರ ಜನ ಬಂದಿದ್ದರು.

ಇದ್ದವರು ಇಪ್ಪತ್ತೋ ಮೂವತ್ತೋ. ನೆಲದ ಮೇಲೆ ಕಾಲು ಚಾಚಿ ಕೂತು ನಾನು ಕಟ್ಟುತ್ತಿದ್ದರೆ ಎಲ್ಲರೂ ಸುತ್ತ ನೆರೆದು ನೋಡಿದರು. ಆ ಪಾರ್ಸಿ ಅಜ್ಜಿ ಕುರ್ಚಿ ಹಾಕಿಸಿಕೊಂಡು ಕಡೆಯವರೆಗೂ ಕೂತರು. ಅವರ ಹಿಂದಿ ನನಗೆ ಅರ್ಧ ತಿಳಿಯಿತು, ನನ್ನದು ಅವರಿಗೆ ಅಷ್ಟೂ ಇಲ್ಲ. ಆದರೂ ಎಷ್ಟೊಂದು ಹರಟಿದೆವು! ನನ್ನ ಕಪ್ಪು ಬೆರಳುಗಳನ್ನು ಹಿಡಿದು ನೋಡಿ, ದಾರ ಎಳೆದ ತಮ್ಮ ಬೆರಳು ತೋರಿಸಿ ನಕ್ಕರು.

ಕಾರ್ಡಿನಲ್ಲಿ ನಿನ್ನ ಹೆಸರಿನ ಪಕ್ಕ ಅಷ್ಟೇ ದಪ್ಪ ಅಕ್ಷರದಲ್ಲಿ ನನ್ನದು, ಅದರ ಕೆಳಗೆ ಮುದ್ದಮ್ಮ, ಕೆಂಪಣ್ಣ. ಮುದ್ದಮ್ಮನಿಗೆ ಓದಿ ಹೇಳಿದೆ. "ಓದ್ಲಿ ಬುಡು, ಕೂಲಿಗೇನ್ ಅಡ್ಡಿಯಿಲ್ವಲ್ಲ" ಅಂದಳು. ಆದರೆ ಕಾರ್ಡನ್ನು ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡಳು.

ಸಣ್ಣಯ್ಯನವರು ಪಟ ಇಳಿಸಿಲ್ಲವಂತೆ. ಇರಲಿ ಬಿಡು.

ಪ್ರೇಮಾ


ಮುಂಬಯಿ
6 ಜನವರಿ 2000

ಪ್ರೇಮಾ,

ಒಂದು ಸಿಹಿ ಸುದ್ದಿ, ಜೊತೆಗೊಂದು ಸಣ್ಣ ಮಾತು.

ದೆಹಲಿಯ ಒಬ್ಬ ಹೋಟೆಲ್ ಮಾಲೀಕ ಬೆಂಚನ್ನು ಕೊಳ್ಳಲು ಒಪ್ಪಿದ್ದಾನೆ. ದೊಡ್ಡ ಸಂಗ್ರಹವಿದೆ ಅವನದು. ಅವನ ಮನೆಯಲ್ಲಿ ನನ್ನದೊಂದು ಇದ್ದರೆ ಮುಂದಿನ ದಾರಿ ತೆರೆದ ಹಾಗೆಯೇ. ಆಫೀಸು ಮೇಜಿನ ಮುಖ ಮತ್ತೆ ನೋಡಬೇಕಿಲ್ಲ.

ಸಣ್ಣ ಮಾತು: ಆಸನ ಬಿಚ್ಚಿಹೋಗಬಾರದು ಅನ್ನುತ್ತಾನೆ. ಕುಣಿಕೆಗಳಿಗೆಲ್ಲ ಅಂಟು ಹುಯ್ದು ಗಟ್ಟಿ ಮಾಡಿ, ಬಾಲ ಕತ್ತರಿಸಬೇಕಂತೆ. ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಗ್ಯಾಲರಿಯವರೂ ಹೂಂ ಅನ್ನು ಅಂತಿದ್ದಾರೆ. ನಿನ್ನ ಹೆಸರನ್ನು ಹಿತ್ತಾಳೆಯ ಫಲಕದಲ್ಲಿ ಕೆತ್ತಿಸಿ ಬೆಂಚಿಗೇ ಹಾಕಿಸುತ್ತೇನೆ, ಶಾಶ್ವತವಾಗಿ ಇರುತ್ತದೆ. ಒಪ್ಪಿಗೆ ತಾನೇ?

ಹಂಸ


ಅರಕಲಗೂಡು
15 ಜನವರಿ 2000

ಹಂಸ,

ಎಳ್ಳುಬೆಲ್ಲ ಕಳಿಸಿದ್ದೇನೆ. ಮೊದಲು ಅದನ್ನು ಬಾಯಿಗೆ ಹಾಕಿಕೋ, ಆಮೇಲೆ ಓದು.

ಒಪ್ಪಿಗೆ ಇಲ್ಲ.

ಅಂಟು ಹುಯ್ದ ಮೇಲೆ ಅಲ್ಲಿ ನನ್ನ ಹೆಸರು ಯಾಕೆ? ಅಂಟಿನ ಹೆಸರೇ ಕೆತ್ತಿಸಿ. ಬೆಂಚನ್ನು ಹಿಡಿದಿಡುವುದು ಅದೇ ತಾನೇ? ಬಿಗಿಯಾಗಿ ನಿಲ್ಲಬೇಕು, ಕರೆದಾಗ ಬಿಚ್ಚಿಕೊಳ್ಳಬೇಕು, ಆ ಎರಡೂ ಸೇರಿದರೆ ನನ್ನ ಕೆಲಸ. ಒಂದನ್ನು ಕತ್ತರಿಸಿದರೆ ಕಡ್ಡಿ, ದಾರ ಉಳಿಯುತ್ತವೆ, ನಾನು ಉಳಿಯುವುದಿಲ್ಲ.

ಇದು ನಿನ್ನ ಅನ್ನದ ಪ್ರಶ್ನೆ, ಅದೂ ನನಗೆ ಗೊತ್ತು. ಎಷ್ಟು ಕಷ್ಟಪಟ್ಟೆ ಅಂತ ಕಣ್ಣಾರೆ ನೋಡಿ ಬಂದಿದ್ದೇನೆ, ಒಂದೇ ಕೋಣೆಯಲ್ಲಿ ಒಲೆಯ ಪಕ್ಕ ಗರಗಸ ಇಟ್ಟುಕೊಂಡು ಬದುಕುತ್ತಿದ್ದೀಯ. ಆದ್ದರಿಂದ ಬೇಡ ಅಂತ ಹಟ ಹಿಡಿಯುವುದಿಲ್ಲ. ಬೇಕೇ ಬೇಕು ಅನ್ನಿಸಿದರೆ ಅಂಟು ಹಾಕು. ನಾನು ಮುನಿಸಿಕೊಳ್ಳುವುದಿಲ್ಲ, ಪತ್ರ ನಿಲ್ಲಿಸುವುದಿಲ್ಲ. ನನ್ನ ಹೆಸರನ್ನು ಮಾತ್ರ ತೆಗೆದುಬಿಡು.

ಪ್ರೇಮಾ


ಮುಂಬಯಿ
29 ಜನವರಿ 2000

ಪ್ರೇಮಾ,

ನಿನ್ನ ಪತ್ರ ಬಂದಾಗ ಬೈದೆ. ಹೊಟ್ಟೆ ತುಂಬಿದವರ ಮಾತು ಅಂತಲೂ ಅಂದುಕೊಂಡೆ. ಅಂಟಿನ ಡಬ್ಬಿ ತಂದಿಟ್ಟೆ, ಕುಂಚವನ್ನೂ ತಂದೆ. ಒಂದು ವಾರ ಅದರ ಮುಚ್ಚಳ ತೆಗೆಯಲಿಲ್ಲ.

ಗುರುವಾರ ಆ ಮಾಲೀಕ ತನ್ನ ಜನರೊಂದಿಗೆ ಗ್ಯಾಲರಿಗೆ ಬಂದ. ಈ ಕಟ್ಟು ಯಾಕೆ ಹೀಗಿದೆ, ಸೊಪ್ಪು ಹೇಗೆ ಇಳಿಸುತ್ತಾರೆ, ಎಲ್ಲ ಹೇಳಿದೆ. "ಬಹಳ ಸ್ವಾರಸ್ಯವಾಗಿದೆ, ಅದನ್ನೆಲ್ಲ ಫಲಕದ ಮೇಲೆ ಬರೆಸಿಬಿಡಿ, ಅಂಟು ಮಾತ್ರ ಹಾಕಿಸಿ" ಅಂದ. ಅವನ ಕಡೆಯವನೊಬ್ಬ ಆಗಲೇ ಕತ್ತರಿ ತೆಗೆದು ಬಾಲದ ಹತ್ತಿರ ಬಗ್ಗಿದ್ದ. ನನಗೆ ಏನಾಯಿತೋ ಗೊತ್ತಿಲ್ಲ ಪ್ರೇಮಾ. ಯೋಚನೆ ಮಾಡಲಿಲ್ಲ. ಅವನ ಕೈ ಸರಿಸಿ ಗೆಜ್ಜೆ ಹಿಡಿದು ಎಳೆದೆ.

ಅದೇ ಸದ್ದು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. "ಈಗ ಅಂಟು ಹಾಕುವುದಕ್ಕೆ ಏನೂ ಇಲ್ಲ, ಕಟ್ಟುವವಳು ಅರಕಲಗೂಡಿನಲ್ಲಿದ್ದಾಳೆ" ಅಂದೆ. ಅವನು ಕಾರು ಹತ್ತಿ ಹೋದ. ಯಜಮಾನಿ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಹಳೆಯ ಕಂಪನಿಗೆ ಫೋನ್ ಮಾಡಿದೆ, ಸೋಮವಾರದಿಂದ ಬಾ ಅಂದಿದ್ದಾರೆ. ಮತ್ತೆ ಆಫೀಸು ಮೇಜು. ಅಳು ಬರಬೇಕಿತ್ತು, ಬರಲಿಲ್ಲ. ದಾರಿಯುದ್ದಕ್ಕೂ ಹುಚ್ಚಿಯ ಹಾಗೆ ನಗುತ್ತಾ ಮನೆಗೆ ನಡೆದೆ.

ಇವತ್ತು ಕಡ್ಡಿಗಳನ್ನು ಗೋಣಿಗೆ ತುಂಬಲು ಹೋಗಿದ್ದೆ. ಪಾರ್ಸಿ ಅಜ್ಜಿ ಬಂದರು. ಬರಿ ಚೌಕಟ್ಟು ನೋಡಿದರು, ರಾಶಿ ನೋಡಿದರು, ನನ್ನನ್ನು ನೋಡಿದರು. ಬೆಲೆ ಕೇಳಲಿಲ್ಲ, ಕೊಳ್ಳುತ್ತೇನೆ ಅಂತಲೂ ಹೇಳಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಒಂದೇ ಮಾತು ಕೇಳಿದರು: "ಪ್ರೇಮಾ ಯಾವಾಗ ಬರುತ್ತಾಳೆ?"

ಏನು ಹೇಳಲಿ?

ಹಂಸ


ಅರಕಲಗೂಡು
7 ಫೆಬ್ರವರಿ 2000

ಹಂಸ,

ನಿನ್ನ ಪತ್ರವನ್ನು ಮೊದಲು ಒಬ್ಬಳೇ ಓದಿದೆ. ಕತ್ತರಿಯ ಹತ್ತಿರ ಬಂದಾಗ ಅಳು ಬಂತು, ಯಾಕೆ ಅಂತ ಕೇಳಬೇಡ. ಆಮೇಲೆ ಎಲ್ಲರಿಗೂ ಗಟ್ಟಿಯಾಗಿ ಓದಿದೆ. ಅತ್ತೆ, "ಆ ಹುಡ್ಗಿ ನಿನ್ಗೋಸ್ಕರ ಅನ್ನ ಒದ್ದವ್ಳೆ ಕಣೆ. ಓಗಿ ಬಾ" ಅಂದರು. ಇವರು ಏನೂ ಗೇಲಿ ಮಾಡದೆ ಎದ್ದು ಅರಸೀಕೆರೆಗೆ ಟಿಕೆಟ್ಟಿಗೆ ಹೋದರು.

ಆಫೀಸಿಗೆ ಹೋಗು, ಮೇಜು ಮಾಡು, ಬಾಡಿಗೆ ಕಟ್ಟು. ಸಂಜೆ ನಮ್ಮಿಬ್ಬರದು. ಮುದ್ದಮ್ಮನೂ ಜೊತೆಯಲ್ಲಿ ಬರುತ್ತಾಳೆ. ರೈಲು ಹತ್ತಬೇಕು ಅನ್ನುವುದು ಅವಳ ಬಹಳ ದಿನದ ಆಸೆಯಂತೆ, ನಿನ್ನ ಬೆನ್ನಿಗೆ ಗುದ್ದಿ ನಿನಗೂ ಕಟ್ಟಲು ಕಲಿಸುತ್ತಾಳೆ. ಅಜ್ಜಿ ಕೊಂಡರೂ ಸರಿ, ಕೊಳ್ಳದೆ ಬಂದು ಕೂತು ಹೋದರೂ ಸರಿ.

ಮುಂಬಯಿಯಲ್ಲಿ ಒಬ್ಬರು ನನ್ನ ಹೆಸರು ಹಿಡಿದು ಕೇಳಿದರಲ್ಲ, ಆ ಸಾಲನ್ನು ಇವತ್ತೂ ಒಮ್ಮೆ ತೆಗೆದು ಓದಿದೆ. ಆ ಕುರ್ಚಿಯನ್ನು ಅಲ್ಲೇ ಇಟ್ಟಿರು. ಅಜ್ಜಿಗೆ ಹೇಳು, ಪ್ರೇಮಾ ಹತ್ತೊಂಬತ್ತರ ಶನಿವಾರ ಬರುತ್ತಾಳೆ.

ಪ್ರೇಮಾ